ಮದ್ಯಕ್ಕೆ ಎನರ್ಜಿ ಡ್ರಿಂಕ್ ಬೆರೆಸಿದ ರಾತ್ರಿ ಜೊತೆಗಿರುವವರು ಮಾಡಬೇಕಾದದ್ದು

ಸಾಗರ, ಹೊಸನಗರ, ತೀರ್ಥಹಳ್ಳಿಯ ಹೋಂಸ್ಟೇಗಳಿಗೆ ಬರುವ ಹುಡುಗರ ಚೀಲದಲ್ಲಿ ವಿಸ್ಕಿಯ ಜೊತೆ ಎನರ್ಜಿ ಡ್ರಿಂಕಿನ ಕ್ಯಾನುಗಳೂ ಇರುವುದುಂಟು. ಇವೆರಡನ್ನು ಬೆರೆಸಲೇಬಾರದು ಎಂಬುದು ನನ್ನ ಅಭಿಪ್ರಾಯ. ಆದರೂ ಬೆರೆಸುವವರು ಇದ್ದೇ ಇರುತ್ತಾರೆ. ಅಂಥ ರಾತ್ರಿ ಗುಂಪಿನಲ್ಲಿ ಒಬ್ಬರಾದರೂ ಕುಡಿಯದೆ ಉಳಿಯಬೇಕು. ಈ ಬರಹ ಅವರಿಗಾಗಿ.

ಕೆಫೀನ್ ತೂಕಡಿಕೆಯನ್ನು ತಡೆಯುತ್ತದೆಯೇ ಹೊರತು ಅಮಲನ್ನು ಇಳಿಸುವುದಿಲ್ಲ. ಕುಡಿದವನಿಗೆ ಕಣ್ಣು ಎಳೆಯುವುದೇ ಸಾಕೆಂಬ ಸೂಚನೆ. ಕೆಫೀನ್ ಅದನ್ನು ಮುಚ್ಚಿಬಿಡುವುದರಿಂದ ಅವನು ತಾನು ಸರಿಯಾಗಿಯೇ ಇದ್ದೇನೆಂದು ನಂಬಿ ಇನ್ನೆರಡು ಪೆಗ್ ಹಾಕುತ್ತಾನೆ. ಶೇಕಡಾ 42.8ರ ವಿಸ್ಕಿಯ 180 ಮಿಲಿಲೀಟರಿನ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ಯಕೃತ್ತು ಗಂಟೆಗೆ ಕರಗಿಸುವುದು ಸುಮಾರು 7ರಿಂದ 10 ಗ್ರಾಂ ಮಾತ್ರ. ಹಾಗಾಗಿ ರಾತ್ರಿ ಹತ್ತಕ್ಕೆ ಮುಗಿಸಿದ ಕ್ವಾರ್ಟರ್ ಬೆಳಗಿನ ಜಾವದವರೆಗೂ ರಕ್ತದಲ್ಲಿರುತ್ತದೆ. ಕಾಫಿ, ಮಜ್ಜಿಗೆ, ನಿಂಬೆರಸ ಯಾವುದೂ ಅದನ್ನು ಬೇಗ ಇಳಿಸಲಾರದು. 2010ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಕೆಫೀನ್ ಬೆರೆಸಿದ ಮದ್ಯ ಮಾರುತ್ತಿದ್ದ ನಾಲ್ಕು ಕಂಪನಿಗಳಿಗೆ ಎಚ್ಚರಿಕೆ ಕೊಟ್ಟಿತ್ತು.

ಖಾಲಿ ಕ್ಯಾನುಗಳನ್ನು ಎಸೆಯದೆ ಜಗಲಿಯ ಮೇಲೆ ಸಾಲಾಗಿ ಇಡಿ, ಲೆಕ್ಕ ಕಣ್ಣೆದುರಿಗಿರಲಿ. ನಮ್ಮ ದೇಶದ ನಿಯಮದಂತೆ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು. ಅಂದರೆ 250 ಮಿಲಿಲೀಟರಿನ ಕ್ಯಾನಿನಲ್ಲಿ 75 ಮಿಲಿಗ್ರಾಂವರೆಗೆ. ಆರೋಗ್ಯವಂತ ವಯಸ್ಕರಿಗೆ ಒಂದೇ ಸಲಕ್ಕೆ 200 ಮಿಲಿಗ್ರಾಂ ಮಿತಿ ಎನ್ನುವುದರಿಂದ ಮೂರನೆಯ ಕ್ಯಾನಿಗೆ ಆ ಗಡಿ ದಾಟಿದಂತೆಯೇ. ಹೃದಯದ ತೊಂದರೆ, ಬಿ.ಪಿ. ಇರುವವರಿಗೆ ಒಂದನ್ನೂ ಕೊಡಬೇಡಿ.

ಮಾದಕ ವಸ್ತು ಸೇರಿದರೆ ಅಪಾಯದ ಸ್ವರೂಪವೇ ಬದಲಾಗುತ್ತದೆ. ಎಂಡಿಎಂಎ, ಕೊಕೇನಿನಂಥವು ಎದೆಬಡಿತವನ್ನೂ ಮೈಬಿಸಿಯನ್ನೂ ಏರಿಸುತ್ತವೆ, ಕೆಫೀನ್ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಕೊಕೇನ್ ಮತ್ತು ಮದ್ಯ ಕೂಡಿದಾಗ ಯಕೃತ್ತಿನಲ್ಲಿ ಕೊಕಾಎಥಿಲೀನ್ ಎಂಬ, ಹೃದಯಕ್ಕೆ ಇನ್ನೂ ಕೆಟ್ಟ ವಸ್ತು ಹುಟ್ಟುತ್ತದೆ. ನಿದ್ದೆಮಾತ್ರೆ, ಟ್ರಮಡಾಲ್ ಎಂಬ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್‌ಗಳು ಮದ್ಯದೊಡನೆ ಉಸಿರಾಟವನ್ನೇ ಕುಗ್ಗಿಸುತ್ತವೆ. ನನಗೆ ಹೆಚ್ಚು ಭಯವಿರುವುದು ಇವುಗಳ ಬಗ್ಗೆಯೇ, ಏಕೆಂದರೆ ಇಲ್ಲಿ ಗದ್ದಲವಿರುವುದಿಲ್ಲ. ಹುಡುಗ ಮಲಗಿದ್ದಾನೆ ಎಂದೇ ಎಲ್ಲರೂ ತಿಳಿಯುತ್ತಾರೆ.

ಆದ್ದರಿಂದ ಮಲಗಿದವನ ಪಕ್ಕ ಕುಳಿತು ಅವನ ಎದೆಯನ್ನು ನೋಡಿ. ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿನ ಅಂತರ, ನೀಲಿಗಟ್ಟಿದ ತುಟಿ, ಅಲುಗಾಡಿಸಿದರೂ ಏಳದಿರುವುದು, ಫಿಟ್ಸ್, ಎದೆನೋವು, ಕೆಂಡದಂತೆ ಸುಡುವ ಮೈ, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಮೇಲಿನ ಮಂಡಿಯನ್ನು ಮುಂದಕ್ಕೆ ಮಡಚಿ, ವಾಂತಿ ಬಂದರೆ ಹೊರಗೆ ಹರಿಯುವಂತೆ ಬಾಯಿಯನ್ನು ನೆಲದತ್ತ ತಿರುಗಿಸಿ. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬೇಡಿ. ಮೈ ತಣ್ಣಗಿದ್ದರೆ ಕಂಬಳಿ ಹೊದಿಸಿ. ಕುಡಿದ ಮೈ ಮಲೆನಾಡಿನ ಮಳೆಗಾಲದ ಥಂಡಿಗೆ ಬೇಗ ಬಿಸಿ ಕಳೆದುಕೊಳ್ಳುತ್ತದೆ, ತಲೆಗೆ ತಣ್ಣೀರು ಸುರಿಯುವುದು ತಪ್ಪು. ಮೈ ಸುಡುತ್ತಿದ್ದರೆ ಮಾತ್ರ ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿ ಬೀಸಿ.

ನಮ್ಮ ಕಡೆ ಎಷ್ಟೋ ಹೋಂಸ್ಟೇಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಕಾಡುದಾರಿಯಲ್ಲಿ ಆಂಬುಲೆನ್ಸ್ ಬರಲು ಹೊತ್ತಾಗುತ್ತದೆ. ಸಂಜೆಯೇ ಮನೆಯವರಲ್ಲಿ ಫೋನ್ ಎಲ್ಲಿ ಹಿಡಿಯುತ್ತದೆ, ಹತ್ತಿರದ ತಾಲ್ಲೂಕು ಆಸ್ಪತ್ರೆ ಯಾವುದು ಎಂದು ಕೇಳಿಟ್ಟುಕೊಳ್ಳಿ. ವಾಹನಗಳ ಕೀಲಿಗಳೆಲ್ಲ ಬೆಳಗಿನವರೆಗೆ ನಿಮ್ಮ ಜೇಬಿನಲ್ಲಿರಲಿ. ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಾಗಲಿ, ವೈದ್ಯರ ಮುಂದೆ ಏನನ್ನೂ ಮುಚ್ಚಿಡದೆ ಏನು, ಎಷ್ಟು, ಯಾವ ಹೊತ್ತಿಗೆ ಎಂದು ಹೇಳಿ, ಜಗಲಿಯ ಮೇಲಿನ ಕ್ಯಾನು, ಬಾಟಲಿ, ಮಾತ್ರೆಯ ಸ್ಟ್ರಿಪ್ಪನ್ನು ಜೊತೆಗೇ ಒಯ್ಯಿರಿ.