ಕುರ್ಚಿ, ಲ್ಯಾಂಪು, ಶೆಲ್ಫು: ದಿನಾ ಬಳಸೋ ವಸ್ತುಗಳಲ್ಲಿ ಹೊಸ ಐಡಿಯಾ ಹುಡುಕೋದು ಹೇಗೆ

ಹೊಸ ಥರದ ಕುರ್ಚಿನೋ ಲ್ಯಾಂಪೋ ಮಾಡ್ಬೇಕು ಅಂತ ಮನಸ್ಸು ಬಂದ ತಕ್ಷಣ ಹೆಚ್ಚಿನವರು ಪೆನ್ಸಿಲ್ ಹಿಡಿದು ಆಕಾರ ಗೀಚೋಕೆ ಶುರು ಮಾಡ್ತಾರೆ, ಒಂದು ವಾಲಿದ ಕಾಲು, ಒಂದು ವಿಚಿತ್ರ ಬಾಗು, ಎಲ್ಲೋ ಫೋಟೋದಲ್ಲಿ ನೋಡಿದ್ದರ ನೆನಪು. ದಯವಿಟ್ಟು ಅಲ್ಲಿಂದ ಶುರು ಮಾಡ್ಬೇಡಿ. ಆಕಾರ ಆಮೇಲೆ ಬರತ್ತೆ. ಶುರು ಮಾಡ್ಬೇಕಾದ್ದು ಒಂದು ಕಿರಿಕಿರಿಯಿಂದ, ಅಂದ್ರೆ ದಿನಾ ಬಳಸೋ ವಸ್ತು ನಿಮಗೆ ಎಲ್ಲಿ ತೊಂದ್ರೆ ಕೊಡ್ತಿದೆ ಅನ್ನೋದ್ರಿಂದ.

ಇಟಲಿಯ ಡಿಸೈನರ್ ಅಕಿಲೆ ಕಸ್ತಿಲಿಯೋನಿ ಮತ್ತು ಅವರ ಅಣ್ಣ ಪಿಯೆರ್ ಜಾಕೊಮೊ 1962ರಲ್ಲಿ ಮಾಡಿದ ಆರ್ಕೋ ಲ್ಯಾಂಪ್ ನೋಡಿ. ಅವರ ಮುಂದಿದ್ದ ಕಿರಿಕಿರಿ ಇಷ್ಟೇ, ಟೇಬಲ್ ಮೇಲೆ ನೇರವಾಗಿ ಬೆಳಕು ಬೀಳ್ಬೇಕು ಆದ್ರೆ ಸೀಲಿಂಗಿಗೆ ತೂತು ಹೊಡೀಬಾರ್ದು. ಅದಕ್ಕೆ ನೆಲದ ಮೇಲೆ ನಿಂತು ಕಮಾನಿನ ಹಾಗೆ ಬಾಗಿ ಟೇಬಲ್ ತನಕ ಬರೋ ಒಂದು ಸ್ಟೀಲ್ ತೋಳು ಮಾಡಿದ್ರು, ತೋಳು ಅಷ್ಟು ದೂರ ಚಾಚಿದ್ರೆ ಲ್ಯಾಂಪು ಮಗುಚಿಕೊಳ್ಳತ್ತಲ್ಲ, ಅದಕ್ಕೆ ಬುಡದಲ್ಲಿ ಸುಮಾರು 65 ಕೆಜಿ ತೂಕದ ಕರಾರಾ ಅಮೃತಶಿಲೆ ಇಟ್ರು. ಈಗ ಇನ್ನೊಂದು ತೊಂದ್ರೆ, 65 ಕೆಜಿ ಕಲ್ಲನ್ನ ಎತ್ತೋದು ಹೇಗೆ? ಕಲ್ಲಿನಲ್ಲಿ ಒಂದು ತೂತು ಕೊರೆದ್ರು, ಪೊರಕೆ ಕೋಲು ತೂರಿಸಿ ಇಬ್ರು ಎರಡು ಕಡೆ ಹಿಡಿದು ಎತ್ತಬಹುದು. ನೋಡೋರಿಗೆ ಆ ತೂತು ಅಲಂಕಾರದ ಥರ ಕಾಣತ್ತೆ, ಕೆಲಸ ಮಾತ್ರ ಎತ್ತೋದು. ನನಗೆ ಇಡೀ ಲ್ಯಾಂಪಲ್ಲಿ ತುಂಬಾ ಇಷ್ಟವಾದದ್ದು ಆ ತೂತೇ.

ಹಾಗಾಗಿ ಮೊದಲನೇ ಕೆಲಸ, ನಿಮ್ಮ ಮನೇಲಿ ಜನ ಈಗಾಗ್ಲೇ ಮಾಡ್ಕೊಂಡಿರೋ ರಿಪೇರಿಗಳನ್ನ ಹುಡುಕಿ. ಟೇಬಲ್ ಕಾಲಿನ ಕೆಳಗೆ ಮಡಚಿಟ್ಟ ಪೇಪರ್, ಬಟ್ಟೆ ಹಾಕೋ ಜಾಗ ಆಗ್ಬಿಟ್ಟಿರೋ ಕುರ್ಚಿ ಬೆನ್ನು, ಟೇಪ್ ಅಂಟಿಸಿದ ಚಾರ್ಜರ್ ವೈರು, ಕಣ್ಣಿಗೆ ಬೆಳಕು ಚುಚ್ಚುತ್ತೆ ಅಂತ ಗೋಡೆ ಕಡೆ ತಿರುಗಿಸಿಟ್ಟ ಟೇಬಲ್ ಲ್ಯಾಂಪು. ಇವೆಲ್ಲಾ ಡಿಸೈನ್ ಸೋತಿರೋ ಜಾಗಗಳು. ಒಂದನ್ನ ಆರಿಸ್ಕೊಂಡು ಒಂದೇ ವಾಕ್ಯದಲ್ಲಿ ಬರೀರಿ, ಅದರಲ್ಲಿ ವಸ್ತುವಿನ ಹೆಸರು ಬರಬಾರ್ದು, ಅದು ಮಾಡ್ಬೇಕಾದ ಕೆಲಸ ಮಾತ್ರ ಬರ್ಬೇಕು. "ಒಂದು ಸ್ಟೂಲ್ ಬೇಕು" ಅಂತ ಬರೆದ್ರೆ ಸ್ಟೂಲೇ ಹುಟ್ಟತ್ತೆ. "ಬೂಟು ಹಾಕ್ಕೊಳೋಕೆ ಒಂದು ನಿಮಿಷ ಕೂರ್ಬೇಕು, ಆಮೇಲೆ ಅದು ದಾರಿಗೆ ಅಡ್ಡ ಇರ್ಬಾರ್ದು" ಅಂತ ಬರೆದ್ರೆ ಗೋಡೆಗೆ ಮಡಚೋ ಹಲಗೆನೂ ಬರಬಹುದು, ಶೂ ರ‍್ಯಾಕಿನ ಮೇಲಿನ ಮುಚ್ಚಳನೂ ಬರಬಹುದು.

ಎರಡನೇದು, ಸಾಲ ತಗೊಳ್ಳಿ. ಅಂದ್ರೆ ಅದೇ ಕೆಲಸವನ್ನ ಬೇರೆ ಯಾವ ವಸ್ತು ಈಗಾಗ್ಲೇ ಚೆನ್ನಾಗಿ ಮಾಡ್ತಿದೆ ನೋಡಿ. ಜಾರ್ಜ್ ಕಾರ್ವರ್ಡಿನ್ ಅನ್ನೋ ಬ್ರಿಟಿಷ್ ಇಂಜಿನಿಯರ್ ಕಾರಿನ ಸಸ್ಪೆನ್ಷನ್ ಕೆಲಸ ಮಾಡ್ತಿದ್ದವರು, ಸ್ಪ್ರಿಂಗು ಮತ್ತೆ ತೋಳು ಸೇರಿಸಿ ಎಲ್ಲಿ ಬಿಟ್ರೆ ಅಲ್ಲೇ ನಿಲ್ಲೋ ವ್ಯವಸ್ಥೆ ಕಂಡುಹಿಡಿದ್ರು, 1932ರಲ್ಲಿ ಪೇಟೆಂಟ್ ಆಯ್ತು, ಅದೇ ಆಂಗಲ್‌ಪಾಯ್ಸ್ ಲ್ಯಾಂಪು, ಇವತ್ತಿಗೂ ಓದೋ ಟೇಬಲ್ ಲ್ಯಾಂಪ್ ಅಂದ ತಕ್ಷಣ ಕಣ್ಮುಂದೆ ಬರೋದು ಆ ಆಕಾರನೇ. ಮಾರ್ಸೆಲ್ ಬ್ರಾಯರ್ ಅನ್ನೋ ಡಿಸೈನರ್ 1925ರ ಸುಮಾರಿಗೆ ಸೈಕಲ್ ಹ್ಯಾಂಡಲ್ ನೋಡಿ ಸ್ಟೀಲ್ ಪೈಪನ್ನ ಹಾಗೇ ಬಗ್ಗಿಸಿ ಕುರ್ಚಿ ಮಾಡಬಹುದಲ್ಲ ಅಂದ್ಕೊಂಡ್ರು. ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1942ರಲ್ಲಿ ಅಮೆರಿಕದ ನೌಕಾಪಡೆಗೆ ಮುರಿದ ಕಾಲಿಗೆ ಕಟ್ಟೋ ಪ್ಲೈವುಡ್ ಪಟ್ಟಿ ಮಾಡ್ಕೊಟ್ಟಿದ್ರು, ಪ್ಲೈವುಡ್ಡನ್ನ ದೇಹದ ಆಕಾರಕ್ಕೆ ಬಗ್ಗಿಸೋ ಆ ಅನುಭವನೇ ಆಮೇಲೆ ಅವರ ಕುರ್ಚಿಗಳಿಗೆ ಬಂತು. ನೀವು ಮಾಡ್ಬೇಕಾದ್ದೂ ಇಷ್ಟೇ, ನಿಮ್ಮ ವಾಕ್ಯದಲ್ಲಿರೋ ಕ್ರಿಯೆ ಹಿಡ್ಕೊಳ್ಳಿ, "ಮಡಚ್ಬೇಕು" ಅಂತಿದ್ರೆ ಛತ್ರಿ, ಕ್ಯಾಮೆರಾ ಸ್ಟ್ಯಾಂಡು, ಟೆಂಟು, ಬಟ್ಟೆ ಒಣಗಿಸೋ ಸ್ಟ್ಯಾಂಡು ಎಲ್ಲಾ ಬಿಚ್ಚಿ ನೋಡಿ. ಹಾರ್ಡ್‌ವೇರ್ ಅಂಗಡೀಲಿ ಫರ್ನಿಚರ್ ವಿಭಾಗ ಬಿಟ್ಟು ಪ್ಲಂಬಿಂಗ್, ಸೈಕಲ್, ದೋಣಿ ಸಾಮಾನಿನ ಕಡೆ ಓಡಾಡಿ.

ಮೂರನೇದು ರಟ್ಟು. ಮರ ಮುಟ್ಟೋಕೆ ಮುಂಚೆ ನಿಜವಾದ ಅಳತೇಲೇ ರಟ್ಟಲ್ಲಿ ಮಾಡಿ, ಚಿಕ್ಕ ಮಾಡೆಲ್ ಬೇಡ, ಯಾಕಂದ್ರೆ ಚಿಕ್ಕದ್ರಲ್ಲಿ ಎಲ್ಲಾ ಚೆನ್ನಾಗೇ ಕಾಣತ್ತೆ. ಕೂರೋ ಎತ್ತರ ನೆಲದಿಂದ 43ರಿಂದ 46 ಸೆಂ.ಮೀ., ಟೇಬಲ್ ಎತ್ತರ 72ರಿಂದ 76 ಸೆಂ.ಮೀ., ಇವೆರಡು ಸಾಮಾನ್ಯ ಅಳತೆ, ಇಲ್ಲಿಂದ ಶುರು ಮಾಡಿ ನಿಮ್ಮ ಮನೆಯವರ ಕಾಲಿಗೆ ತಕ್ಕ ಹಾಗೆ ಬದಲಾಯಿಸಿ. ಪ್ಯಾಕಿಂಗ್ ರಟ್ಟಿನ ಒಳಗಿರೋ ಸುಕ್ಕುಗಳು ಮೇಲಿಂದ ಕೆಳಕ್ಕೆ ನಿಲ್ಲೋ ಹಾಗೆ ಕತ್ತರಿಸಿದ್ರೆ ತೂಕ ತಡೆಯತ್ತೆ, ಅಡ್ಡಕ್ಕೆ ಕತ್ತರಿಸಿದ್ರೆ ಕುಸಿಯತ್ತೆ, ಈ ಒಂದು ವಿಷಯ ಗೊತ್ತಿದ್ರೆ ರಟ್ಟಿನ ಸ್ಟೂಲ್ ಮೇಲೆ ನಿಜವಾಗ್ಲೂ ಕೂತು ನೋಡಬಹುದು. ಬೀರು ಅಥವಾ ಶೆಲ್ಫ್ ಆದ್ರೆ ರಟ್ಟೂ ಬೇಡ, ನೆಲಕ್ಕೆ ಗೋಡೆಗೆ ಟೇಪ್ ಅಂಟಿಸಿ ಅದರ ಸುತ್ತ ಕೆಲವು ದಿನ ಓಡಾಡಿ.

ಈಗ ಕಾಲುಗಳ ಲೆಕ್ಕ. ಮೂರು ಕಾಲಿನ ಸ್ಟೂಲು ಎಂಥಾ ಒರಟು ನೆಲದ ಮೇಲೂ ಅಲ್ಲಾಡಲ್ಲ, ಮೂರು ಬಿಂದು ಯಾವಾಗ್ಲೂ ಒಂದೇ ಸಮತಲದಲ್ಲಿ ಇದ್ದೇ ಇರತ್ತೆ. ನಾಲ್ಕನೇ ಕಾಲು ಬಂದ ತಕ್ಷಣ ಪೇಪರ್ ಮಡಚಿಡೋ ಕಥೆ ಶುರು. ಹಾಗಂತ ಎಲ್ಲಾ ಮೂರು ಕಾಲೇ ಮಾಡಿ ಅಂತ ಹೇಳ್ತಿಲ್ಲ, ಯಾಕಂದ್ರೆ ಮೂರು ಕಾಲು ಅಲ್ಲಾಡಲ್ಲ ಆದ್ರೆ ಬೇಗ ಮಗುಚತ್ತೆ. ಕಾಲುಗಳು 18 ಸೆಂ.ಮೀ. ತ್ರಿಜ್ಯದ ವೃತ್ತದ ಮೇಲೆ ನಿಂತಿವೆ ಅಂದ್ಕೊಳ್ಳಿ. ಮೂರು ಕಾಲಿದ್ರೆ ನಿಮ್ಮ ತೂಕ ಮಧ್ಯದಿಂದ 9 ಸೆಂ.ಮೀ. ಸರಿದ್ರೆ ಸಾಕು, ಎರಡು ಕಾಲಿನ ನಡುವಿನ ಗೆರೆ ದಾಟಿ ಸ್ಟೂಲ್ ವಾಲತ್ತೆ, ನಾಲ್ಕು ಕಾಲಿದ್ರೆ ಸುಮಾರು 12.7, ಐದಿದ್ರೆ 14.5ರ ಹತ್ರ. ಆಫೀಸ್ ಚಕ್ರದ ಕುರ್ಚಿಗೆ ಐದು ಕಾಲು ಇರೋದೂ ಇದೇ ಲೆಕ್ಕದಿಂದ. ಅಲ್ವಾರ್ ಆಲ್ಟೊ 1933ರಲ್ಲಿ ಮಾಡಿದ ಸ್ಟೂಲ್ 60ಕ್ಕೆ ಮೂರೇ ಕಾಲು, ಆದ್ರೆ ಕಾಲುಗಳು ಸೀಟಿನ ಅಂಚಿನಲ್ಲೇ ಇವೆ, ಒಂದರ ಮೇಲೊಂದು ಇಟ್ರೆ ಕಾಲುಗಳು ಸುರುಳಿಯಾಗಿ ಮೇಲೇರ್ತವೆ. ನೀವೂ ಮೂರು ಕಾಲು ಮಾಡೋದಾದ್ರೆ ಕಾಲನ್ನ ಅಂಚಿಗೆ ತಳ್ಳಿ ಇಲ್ಲಾ ಹೊರಕ್ಕೆ ಓರೆ ಮಾಡಿ, ಅದನ್ನ ಹತ್ತಿ ನಿಲ್ಲೋ ಸ್ಟೂಲಾಗಿ ಮಾತ್ರ ಬಳಸಬೇಡಿ.

ಶೆಲ್ಫಿನ ಹಲಗೆ ಬಾಗೋದೂ ಹೀಗೇ ಲೆಕ್ಕದ ವಿಷಯ. ಪುಸ್ತಕ ಪೂರ್ತಿ ಜೋಡಿಸಿದಾಗ 60 ಸೆಂ.ಮೀ. ಹಲಗೆಗಿಂತ 120 ಸೆಂ.ಮೀ. ಹಲಗೆ ಎರಡು ಪಟ್ಟಲ್ಲ, 16 ಪಟ್ಟು ಜಾಸ್ತಿ ಬಾಗತ್ತೆ. ದಪ್ಪ ಎರಡು ಪಟ್ಟು ಮಾಡಿದ್ರೆ ಬಾಗೋದು ಎಂಟನೇ ಒಂದು ಭಾಗಕ್ಕೆ ಇಳಿಯತ್ತೆ ನಿಜ, ಆದ್ರೆ ತೂಕ ಏರತ್ತೆ. ತೆಳ್ಳಗಿನ ಹಲಗೇನೇ ಇಟ್ಕೊಂಡು ಮುಂದಿನ ಅಂಚಿನ ಕೆಳಗೆ 4 ಸೆಂ.ಮೀ. ಅಗಲದ ಪಟ್ಟಿಯನ್ನ ನಿಲ್ಲಿಸಿ ಅಂಟಿಸಿ, ತುಂಬಾ ಗಟ್ಟಿಯಾಗತ್ತೆ. ಎತ್ತರದ ಶೆಲ್ಫ್ ಆದ್ರೆ ಮಗುಚದ ಹಾಗೆ ಗೋಡೆಗೆ ಬ್ರಾಕೆಟ್ ಹಾಕ್ಲೇಬೇಕು, ಅದರಲ್ಲೂ ಮಕ್ಕಳು ಇರೋ ಮನೇಲಿ.

ಬೆಳಕಿನ ವಿಷಯಕ್ಕೆ ಬಂದ್ರೆ ನನ್ನ ಪ್ರಕಾರ ಜನ ಹೆಚ್ಚು ಎಡವೋದು ಇಲ್ಲೇ, ಯಾಕಂದ್ರೆ ಲ್ಯಾಂಪನ್ನ ವಸ್ತು ಅಂತ ನೋಡ್ತಾರೆ, ಅದು ಗೋಡೆ ಮೇಲೆ ಮುಖದ ಮೇಲೆ ಏನು ಮಾಡ್ತಿದೆ ಅಂತ ನೋಡಲ್ಲ. ಡೆನ್ಮಾರ್ಕಿನ ಪೌಲ್ ಹೆನಿಂಗ್ಸನ್ 1920ರ ದಶಕದಿಂದ ಒಂದೇ ವಿಷಯದ ಹಿಂದೆ ಬಿದ್ದಿದ್ರು, ಬಲ್ಬು ಕಣ್ಣಿಗೆ ನೇರವಾಗಿ ಕಾಣ್ಬಾರ್ದು ಆದ್ರೆ ಬೆಳಕು ಬೇಕಾದ ಕಡೆ ಬೀಳ್ಬೇಕು. ಅದಕ್ಕೆ ಒಂದರ ಕೆಳಗೊಂದು ಮೂರು ಶೇಡ್ ಜೋಡಿಸಿದ್ರು, 1958ರ ಪಿಎಚ್ 5 ಲ್ಯಾಂಪ್ ಅದೇ ಯೋಚನೆಯ ಮುಂದುವರಿಕೆ, ಹೆಸರಿನ 5 ಅಂದ್ರೆ 50 ಸೆಂ.ಮೀ. ಅಗಲ. ನೀವು ಮನೇಲಿ ಮಾಡಬಹುದಾದ ಪರೀಕ್ಷೆ ಇದು: ಬಲ್ಬನ್ನ ಬೇಕಾದ ಜಾಗದಲ್ಲಿ ನೇತುಹಾಕಿ, ಊಟದ ಟೇಬಲ್ ಆದ್ರೆ ಶೇಡಿನ ಕೆಳ ಅಂಚು ಟೇಬಲಿಂದ 75ರಿಂದ 90 ಸೆಂ.ಮೀ. ಮೇಲೆ ಇರೋ ಹಾಗೆ. ಒಬ್ರು ಬಲ್ಬಿನ ಸುತ್ತ ರಟ್ಟಿನ ಪಟ್ಟಿ ಹಿಡ್ಕೊಂಡು ನಿಧಾನಕ್ಕೆ ಕೆಳಗೆ ಇಳಿಸ್ಲಿ, ಇನ್ನೊಬ್ರು ಕೋಣೆಯ ಪ್ರತಿ ಕುರ್ಚೀಲೂ ಕೂತು ನೋಡ್ಲಿ. ಯಾವ ಕುರ್ಚಿಯಿಂದಲೂ ಬಲ್ಬು ಕಾಣದ ಕ್ಷಣದಲ್ಲಿ ಪಟ್ಟಿ ಎಷ್ಟು ಇಳಿದಿದೆಯೋ ಅದೇ ನಿಮ್ಮ ಶೇಡಿನ ಆಳ. ಒಳಗಡೆ ಹೊಳಪಿಲ್ಲದ ಬಿಳಿ ಬಣ್ಣ ಹಚ್ಚಿ, ಕನ್ನಡಿ ಥರ ಹೊಳೆಯೋ ಒಳಮೈ ಆದ್ರೆ ಬಲ್ಬಿನ ಪ್ರತಿಬಿಂಬವೇ ಕಣ್ಣು ಕುಕ್ಕತ್ತೆ.

ಬಲ್ಬ್ ತಗೊಳ್ಳುವಾಗ ಡಬ್ಬಿ ಓದಿ, ಸಂಜೆ ಕೂರೋ ಜಾಗಕ್ಕೆ 2700ರಿಂದ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಡಿಮೆ ಇದ್ದಷ್ಟು ಹಳದಿ), ಕೆಲಸದ ಟೇಬಲಿಗೆ 4000 ಸುಮಾರು, ಬಣ್ಣಗಳು ನಿಜವಾಗಿ ಕಾಣ್ಬೇಕಂದ್ರೆ ಸಿಆರ್‌ಐ (ಬಣ್ಣ ಎಷ್ಟು ಸರಿಯಾಗಿ ಕಾಣತ್ತೆ ಅನ್ನೋದಕ್ಕೆ ಕೊಡೋ ಅಂಕ) 90ಕ್ಕಿಂತ ಮೇಲೆ. ಎಲ್‌ಇಡಿ ತಣ್ಣಗಿರತ್ತೆ ಅನ್ನೋದು ಪೂರ್ತಿ ನಿಜ ಅಲ್ಲ, ಬುಡ ಬಿಸಿ ಆಗತ್ತೆ, ಶೇಡಿನ ಮೇಲೆ ಗಾಳಿ ಹೋಗೋಕೆ ದಾರಿ ಬಿಡಿ, ಪೇಪರ್ ಶೇಡ್ ಬಲ್ಬಿಗೆ ತಾಗ್ಬಾರ್ದು. ಕರೆಂಟ್ ಕೆಲಸ ಗೊತ್ತಿಲ್ದಿದ್ರೆ ಗೋಡೆ ಕರೆಂಟ್ ಮುಟ್ಟೋದೇ ಬೇಡ, ಅದಕ್ಕೆ ಎಲೆಕ್ಟ್ರಿಷಿಯನ್ ಕರೀರಿ, ನೀವು ರೆಡಿ ಅಡಾಪ್ಟರ್ ಇರೋ 12 ವೋಲ್ಟ್ ಎಲ್‌ಇಡಿ ಪಟ್ಟಿಯಿಂದ ಶುರು ಮಾಡಿ. ಕಡಿಮೆ ವೋಲ್ಟೇಜಿಂದ ಡಿಸೈನಿಗೂ ಸ್ವಾತಂತ್ರ್ಯ ಸಿಗತ್ತೆ, ರಿಚರ್ಡ್ ಸ್ಯಾಪರ್ 1972ರ ಟಿಝಿಯೋ ಲ್ಯಾಂಪಲ್ಲಿ ಟ್ರಾನ್ಸ್‌ಫಾರ್ಮರನ್ನ ಬುಡದಲ್ಲಿಟ್ಟು ಕರೆಂಟನ್ನ ಲೋಹದ ತೋಳುಗಳಲ್ಲೇ ಹರಿಸಿದ್ರು, ತೋಳಿನಲ್ಲಿ ವೈರೇ ಇಲ್ಲ!

ಜೋಡಣೆ ಬಗ್ಗೆ ಒಂದು ಮಾತು. ಎಲ್ಲಾ ಅಂಟು ಹಾಕಿ ಮುಚ್ಚಿಬಿಡ್ಬೇಡಿ, ಮುಂದೆ ಇದನ್ನ ಯಾರು ಬಿಚ್ತಾರೆ ಅಂತ ಯೋಚಿಸಿ. ಮೈಕಲ್ ಥೋನೆಟ್ 1859ರಲ್ಲಿ ತಂದ ನಂಬರ್ 14 ಕುರ್ಚಿ ಆರು ಮರದ ಭಾಗ, ಹತ್ತು ಸ್ಕ್ರೂ, ಎರಡು ನಟ್ಟು ಅಷ್ಟೇ, ಬಿಚ್ಚಿಟ್ರೆ ಒಂದು ಘನ ಮೀಟರ್ ಪೆಟ್ಟಿಗೇಲಿ 36 ಕುರ್ಚಿ ಹಿಡೀತಿತ್ತು. ಮತ್ತೆ ಮತ್ತೆ ಬಿಚ್ಚೋ ಜಾಗದಲ್ಲಿ ಮರಕ್ಕೆ ನೇರ ಸ್ಕ್ರೂ ಹೊಡೆದ್ರೆ ತೂತು ಸಡಿಲ ಆಗತ್ತೆ, ಮರದೊಳಗೆ ಲೋಹದ ನಟ್ಟು ಕೂರಿಸಿ ಬೋಲ್ಟ್ ಹಾಕಿ. ಸ್ಕ್ರೂ ತಲೆಗಳೆಲ್ಲ ಒಂದೇ ಅಳತೆ ಇರ್ಲಿ, ಒಂದೇ ಅಲೆನ್ ಕೀ ಸಾಕಾಗ್ಬೇಕು.

ಮಾಡಿ ಮುಗಿಸಿದ ಮೇಲೆ ಪಾಲಿಶ್ ಹಚ್ಚೋಕೆ ಆತುರ ಬೇಡ. ಹಾಗೇ ಮನೇಲಿಟ್ಟು, ಏನೂ ವಿವರಿಸದೆ, ಬೇರೆಯವರು ಎಲ್ಲಿ ಹಿಡೀತಾರೆ, ಯಾವ ಕಡೆಯಿಂದ ಕೂರ್ತಾರೆ, ಸ್ವಿಚ್ ಎಲ್ಲಿ ಹುಡುಕ್ತಾರೆ ನೋಡಿ. ಕೈ ಮೊದಲು ಹೋದ ಜಾಗಕ್ಕೆ ಸ್ವಿಚ್ ಸರಿಸಿ, ಹಿಡಿಯೋ ಅಂಚನ್ನ ಮರಳು ಕಾಗದದಲ್ಲಿ ಚೆನ್ನಾಗಿ ಉಜ್ಜಿ ದುಂಡಗೆ ಮಾಡಿ, ಆಮೇಲೆ ಪಾಲಿಶ್ ಹಚ್ಚಿ.