ಕರಾವಳಿಯಲ್ಲಿ ಥಂಡರ್‌ಬರ್ಡ್ 350: ಸೈಲೆನ್ಸರ್ ಆಮೇಲೆ, ಮೊದಲು ಕಾರ್ಬ್ಯುರೇಟರ್

ಪಿಕಪ್ ಸಾಲದು ಅನ್ನಿಸಿದ ಕೂಡಲೇ ಹೆಚ್ಚಿನವರ ಕೈ ಹೋಗುವುದು ಸೈಲೆನ್ಸರ್‌ಗೆ. ಸದ್ದು ಬರುತ್ತದೆ, ಎಳೆತ ಬರುವುದಿಲ್ಲ. ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350ರ ಯುಸಿಇ ಎಂಜಿನ್ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕೇಸಿನಲ್ಲಿರುವುದು) 346 ಸಿಸಿಯದ್ದು. ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ. ಕಂಪನಿ ಹೇಳುವ ಶಕ್ತಿ 19.8 ಬಿಎಚ್‌ಪಿ, 4000 ಆರ್‌ಪಿಎಂಗೆ 28 ಎನ್‌ಎಂ ಟಾರ್ಕ್. ಎಂಟು ಹತ್ತು ವರ್ಷ ಉಪ್ಪುಗಾಳಿಯಲ್ಲಿ ಓಡಿದ ಗಾಡಿಯಲ್ಲಿ ಅಷ್ಟೂ ಉಳಿದಿರುವುದಿಲ್ಲ. ಕಳೆದುಹೋದದ್ದನ್ನು ವಾಪಸ್ ತರುವುದೇ ಮೊದಲ ಟ್ಯೂನಿಂಗ್, ಖರ್ಚೂ ಕಡಿಮೆ.

ಎಂಜಿನ್ ಮುಟ್ಟುವ ಮೊದಲು ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಹಿಡಿದುಕೊಂಡು ತಿರುಗಿದರೆ ಕ್ಯಾಲಿಪರ್ ಪಿನ್ ತುಕ್ಕು ಹಿಡಿದಿದೆ; ಮಲ್ಪೆ, ಪಣಂಬೂರು ಕಡೆಯ ಗಾಡಿಗಳಿಗೆ ಇದು ಮಾಮೂಲು ಕಾಯಿಲೆ. ಚೈನ್ ಸಡಿಲ 25ರಿಂದ 30 ಮಿ.ಮೀ. ಇರಲಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕಾರಿನ ಆಯಿಲ್ ಹಾಕಿದರೆ ಹೀಗಾಗುತ್ತದೆ. 15ಡಬ್ಲ್ಯು50, ಡಬ್ಬದ ಮೇಲೆ ಜಾಸೊ ಎಂಎ (ಆಯಿಲ್‌ನಲ್ಲಿ ಮುಳುಗಿರುವ ಬೈಕ್ ಕ್ಲಚ್‌ಗೆ ತಕ್ಕದ್ದೆಂಬ ಗುರುತು) ಎಂದಿರುವುದನ್ನೇ ಹಾಕಿ. ವಾಲ್ವ್ ತೆರೆಸುವ ಟ್ಯಾಪೆಟ್ ಹೈಡ್ರಾಲಿಕ್ ಆದ ಕಾರಣ ಅಡ್ಜಸ್ಟ್ ಮಾಡುವ ಪ್ರಶ್ನೆ ಇಲ್ಲ. "ಟ್ಯಾಪೆಟ್ ಸೆಟ್ ಮಾಡಿದ್ದೇನೆ" ಎಂದು ಯಾರಾದರೂ ಬಿಲ್ ಕೊಟ್ಟರೆ ಅನುಮಾನಪಡಿ.

ಕಂಪ್ರೆಷನ್ ಗೇಜ್ ಹಾಕಿ ಸಂಖ್ಯೆ ಕಡಿಮೆ ಬಂತೆಂದು ಪಿಸ್ಟನ್ ಬಿಚ್ಚಬೇಡಿ. ಈ ಎಂಜಿನ್‌ನಲ್ಲಿ ಸಿಲಿಂಡರ್ ಒತ್ತಡ ಇಳಿಸುವ, ತಾನೇ ಕೆಲಸ ಮಾಡುವ ಡಿಕಂಪ್ರೆಸರ್ ಇದೆ, ಸ್ಟಾರ್ಟ್ ಮಾಡುವ ವೇಗದಲ್ಲಿ ಗೇಜ್ ಕಡಿಮೆಯನ್ನೇ ತೋರಿಸುತ್ತದೆ. ಸಿಲಿಂಡರ್‌ಗೆ ಗಾಳಿ ತುಂಬಿ ಎಲ್ಲಿ ಸೋರುತ್ತದೆಂದು ನೋಡುವ ಲೀಕ್‌ಡೌನ್ ಟೆಸ್ಟ್ ಮಾಡಿಸಿ. ಏರ್‌ಫಿಲ್ಟರ್ ಕಡೆ ಸದ್ದಾದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರ್‌ನಲ್ಲಿ ಸದ್ದಾದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಸದ್ದಾದರೆ ಪಿಸ್ಟನ್ ರಿಂಗ್.

ಇನ್ನು ಪೆಟ್ರೋಲ್. ಬಂಕ್‌ನಲ್ಲಿ ಈಗ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆತದ್ದು. ಅಪ್ಪಟ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬ್ಯುರೇಟರ್‌ಗೆ ಇದು ಗೊತ್ತಾಗುವುದಿಲ್ಲ, ಹಳೆಯ ಜೆಟ್‌ನಿಂದ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ಹಳೆಯಷ್ಟೇ ಬಿಡುತ್ತದೆ. ಹಾಗಾಗಿ ಮಿಶ್ರಣ ಲೀನ್ ಆಗಿ (ಗಾಳಿಗೆ ಪೆಟ್ರೋಲ್ ಸಾಲದೆ) ಎಂಜಿನ್ ಬಿಸಿಯಾಗುತ್ತದೆ, ಥ್ರಾಟಲ್ ತಿರುಗಿಸಿದಾಗ ಒಂದು ಕ್ಷಣ ತಡವರಿಸುತ್ತದೆ, ಬಿಟ್ಟಾಗ ಪಟಪಟ ಅನ್ನುತ್ತದೆ. ಇದರ ಮೇಲೆ ಹೊಗೆಯನ್ನು ಹೆಚ್ಚು ತಡೆಯದೆ ಬಿಡುವ ಫ್ರೀ ಫ್ಲೋ ಸೈಲೆನ್ಸರ್ ಹಾಕಿದರೆ ಇನ್ನಷ್ಟು ಲೀನ್.

ಜೆಟ್ ಬದಲಿಸುವ ಮೊದಲು ಕಳ್ಳಗಾಳಿ, ಅಂದರೆ ಬಿರುಕಿನಿಂದ ಒಳನುಗ್ಗುವ ಗಾಳಿ, ಇಲ್ಲವೆಂದು ಖಚಿತಪಡಿಸಿ. ಕಾರ್ಬ್ಯುರೇಟರ್ ಮತ್ತು ಹೆಡ್ ನಡುವಿನ ರಬ್ಬರ್ ಸೆಕೆಗೆ ಬಿರುಕು ಬಿಡುತ್ತದೆ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿ ಆ ರಬ್ಬರ್ ಸುತ್ತ ಕಾರ್ಬ್ ಕ್ಲೀನರ್ ಒಂದೆರಡು ಸಲ ಚಿಮ್ಮಿಸಿ. ಆರ್‌ಪಿಎಂ ಏರಿಳಿದರೆ ರಬ್ಬರ್ ಬದಲಿಸಿ.

ಕಾರ್ಬ್ಯುರೇಟರ್ ಸ್ಕ್ರೂಗಳಿಗೆ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು. ಸಾದಾ ಸ್ಟಾರ್ ಹಾಕಿ ತಿರುಗಿಸಿದರೆ ತಲೆ ಸವೆದು ಹೋಗುತ್ತದೆ, ಆಮೇಲೆ ಡ್ರಿಲ್ಲೇ ಗತಿ. ಮೇಲಿನ ಮುಚ್ಚಳ ತೆಗೆದರೆ ಸ್ಪ್ರಿಂಗ್, ಅದರ ಕೆಳಗೆ ಸ್ಲೈಡ್, ಸ್ಲೈಡ್‌ಗೆ ಅಂಟಿದ ತೆಳ್ಳನೆಯ ಕಪ್ಪು ರಬ್ಬರ್ ಡಯಾಫ್ರಾಮ್. ಅದನ್ನು ಬೆಳಕಿಗೆ ಹಿಡಿದು ಮೆಲ್ಲನೆ ಹಿಗ್ಗಿಸಿ ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ಸ್ಲೈಡ್ ಪೂರ್ತಿ ಏಳುವುದಿಲ್ಲ, ಗಾಡಿ 70–80ರಲ್ಲೇ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಕಾರ್ಬ್ ಕ್ಲೀನರ್ ಈ ರಬ್ಬರ್‌ಗೆ ತಾಗಬಾರದು. ತಾಗಿದರೆ ಉಬ್ಬಿ ತನ್ನ ಕಚ್ಚಿನಲ್ಲಿ ಕೂರುವುದೇ ಇಲ್ಲ. ವಾಪಸ್ ಹಾಕುವಾಗ ಅಂಚು ಸುತ್ತಲೂ ಕೂತಿದೆಯೇ ಎಂದು ಬೆರಳಿನಲ್ಲಿ ತಡವಿ ನೋಡಿ.

ಥ್ರಾಟಲ್ ಹಿಡಿಗೆ ಬಿಳಿ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿ. ತೊಂದರೆ ಕಾಲು ಗುರುತಿನೊಳಗೆ ಬಂದರೆ ಪೈಲಟ್ ಜೆಟ್ ಮತ್ತು ಮಿಶ್ರಣದ ಸ್ಕ್ರೂ, ಕಾಲು ಗುರುತಿನಿಂದ ಮುಕ್ಕಾಲಿನವರೆಗೆ ಸ್ಲೈಡ್‌ನ ನೀಡಲ್ (ಸೂಜಿ), ಅದರ ಮೇಲೆ ಮೇನ್ ಜೆಟ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಡಿ.

ಮೇನ್ ಜೆಟ್ ಒಂದು ಮೆಟ್ಟಿಲು, ಅಂದರೆ ಮಿಕುನಿ ಕಂಪನಿಯ ಜೆಟ್ ಸಂಖ್ಯೆಯ ಲೆಕ್ಕದಲ್ಲಿ 2.5 ಮಾತ್ರ ಏರಿಸಿ. ಸ್ಟಾಕ್ ಸೈಲೆನ್ಸರ್‌ಗೆ ಸಾಮಾನ್ಯವಾಗಿ ಅಷ್ಟು ಸಾಕು, ಫ್ರೀ ಫ್ಲೋ ಇದ್ದರೆ ಇನ್ನೊಂದು ಬೇಕಾಗಬಹುದು. ನೀಡಲ್‌ನಲ್ಲಿ ಕ್ಲಿಪ್ ಕೂರುವ ಕಚ್ಚು ಒಂದೇ ಇದ್ದರೆ ಕ್ಲಿಪ್ ಕೆಳಗೆ ಅರ್ಧ ಮಿ.ಮೀ. ದಪ್ಪದ ಎಂ3 ವಾಷರ್ ಹಾಕಿ ಎತ್ತಬಹುದು. ಜೆಟ್‌ನ ತೂತಿಗೆ ತಂತಿ ಹಾಕಿ ಕೆರೆಯುವ ಅಭ್ಯಾಸ ಕೆಲವು ಗ್ಯಾರೇಜ್‌ಗಳಲ್ಲಿದೆ. ಅದರಿಂದ ತೂತಿನ ಅಳತೆಯೇ ಕೆಡುತ್ತದೆ, ಗಾಳಿ ಊದಿದರೆ ಸಾಕು.

ಮಿಶ್ರಣದ ಸ್ಕ್ರೂ ಸೆಟ್ ಮಾಡಲು ಗಾಡಿಯನ್ನು ಹದಿನೈದು ನಿಮಿಷ ಓಡಿಸಿ ತನ್ನಿ. ಸ್ಕ್ರೂವನ್ನು ಒತ್ತದೆ ಒಳಗೆ ಕೂರುವವರೆಗೆ ತಿರುಗಿಸಿ, ಎರಡೂವರೆ ಸುತ್ತು ಹೊರಗೆ ಬಿಡಿ. ಹೊರಗೆ ಬಿಟ್ಟಷ್ಟೂ ಪೆಟ್ರೋಲ್ ಹೆಚ್ಚು. ಅಲ್ಲಿಂದ ಕಾಲು ಕಾಲು ಸುತ್ತು ಆಚೀಚೆ ಮಾಡುತ್ತಾ ಐಡಲ್ ಅತಿ ಹೆಚ್ಚಿರುವ ಜಾಗ ಹುಡುಕಿ, ಆಮೇಲೆ ಐಡಲ್ ಸ್ಕ್ರೂನಿಂದ 1050 ಆಸುಪಾಸಿಗೆ ತನ್ನಿ. ಒಂದು ಸುತ್ತಿಗಿಂತ ಒಳಗೇ ಸರಿಹೋದರೆ ಪೈಲಟ್ ಜೆಟ್ ದೊಡ್ಡದಾಯಿತು, ಮೂರಕ್ಕಿಂತ ಹೊರಗೆ ಹೋದರೆ ಸಣ್ಣದು.

ಪ್ಲಗ್ ಎರಡಿವೆ, ಎರಡನ್ನೂ ತೆಗೆದು ನೋಡಿ. ಗ್ಯಾಪ್ 0.7–0.8 ಮಿ.ಮೀ. ಮೊದಲು ಹಾಲು ಹಾಕಿದ ಕಾಫಿ ಬಣ್ಣ ನೋಡುತ್ತಿದ್ದೆವು. ಎಥನಾಲ್ ಬಂದ ಮೇಲೆ ಸರಿಯಿರುವ ಪ್ಲಗ್ ಕೂಡ ಬಿಳಿಚಿಕೊಂಡೇ ಕಾಣುತ್ತದೆ, ಬಣ್ಣವೊಂದನ್ನೇ ನಂಬಬೇಡಿ. ಅದಕ್ಕಿಂತ ಎಮಿಷನ್ ಟೆಸ್ಟ್ ಮಾಡಿಸುವಾಗ ಸಿಒ (ಕಾರ್ಬನ್ ಮೊನಾಕ್ಸೈಡ್) ಎಷ್ಟು ಬಂತೆಂದು ನೋಡಿ. ಬಿಎಸ್-3 ಹೊಗೆ ನಿಯಮದ ಕಾಲದ ಗಾಡಿಗೆ ಮಿತಿ ಶೇ. 3.5. ಅದರ ಹತ್ತಿರ ಬಂದರೆ ಐಡಲ್ ರಿಚ್ (ಪೆಟ್ರೋಲ್ ಹೆಚ್ಚು) ಆಗಿದೆ, ಸೊನ್ನೆಯ ಹತ್ತಿರ ಇದ್ದರೆ ಲೀನ್.

ಏರ್‌ಬಾಕ್ಸ್ ಕಿತ್ತು ಕೋನ್ ಫಿಲ್ಟರ್ ಹಾಕುವುದು ಬೇರೆ ಊರಲ್ಲಿ ನಡೆಯಬಹುದು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ನಮ್ಮಲ್ಲಿ ಆಟಿ ತಿಂಗಳಲ್ಲಿ ಅದು ನೀರನ್ನೇ ಕುಡಿಯುತ್ತದೆ. ಮಳೆಗಾಲದಲ್ಲಿ ಗಾಡಿ ಎರಡು ಮೂರು ವಾರ ನಿಂತರೆ ಕಾರ್ಬ್ಯುರೇಟರ್ ತಳದ ಫ್ಲೋಟ್ ಬೌಲ್‌ನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ನೋಡಿ. ತಳದಲ್ಲಿ ಬೇರೆಯೇ ಪದರ ಕಂಡರೆ ಎಥನಾಲ್ ನೀರು ಹೀರಿ ಕೆಳಗಿಳಿದಿದೆ, ಟ್ಯಾಂಕನ್ನೂ ಖಾಲಿ ಮಾಡಬೇಕು. ಸದ್ದು ಮಾಡುವ ಸೈಲೆನ್ಸರ್ ವಿಷಯ ಎರಡೇ ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ಅಡ್ಡ ಬರುತ್ತದೆ, ಪೊಲೀಸರು ಹಿಡಿದರೆ ವಾದಿಸಿ ಗೆಲ್ಲಲಾಗದು.

ಪರೀಕ್ಷೆಗೆ ಸೋಮೇಶ್ವರದಿಂದ ಆಗುಂಬೆ ಘಾಟಿ ಒಳ್ಳೆಯ ಜಾಗ. ಹದಿನಾಲ್ಕು ತಿರುವುಗಳಲ್ಲಿ ಗೇರ್ ಎಷ್ಟು ಸಲ ಇಳಿಸಬೇಕಾಯಿತು ಎಂದು ಟ್ಯೂನಿಂಗ್‌ಗೆ ಮೊದಲೂ ಆಮೇಲೂ ಲೆಕ್ಕ ಇಡಿ. ಬೆಳಗ್ಗೆ ಬೇಗ, ಒಬ್ಬರೇ, ಅದೇ ಟೈರ್ ಗಾಳಿಯಲ್ಲಿ. ಅಲ್ಲಿಂದ ಮುಂದೆ 1,930 ಮೀಟರಿನ ಮುಳ್ಳಯ್ಯನಗಿರಿಯ ಕಡೆ ಹೋದರೆ ಗಾಳಿ ತೆಳುವಾಗಿ ಗಾಡಿ ಸ್ವಲ್ಪ ರಿಚ್ ಆಗಿ ಮಂಕಾಗುತ್ತದೆ. ಆಗ ಸ್ಕ್ರೂಡ್ರೈವರ್ ತೆಗೆಯಬೇಡಿ, ಉಡುಪಿಗೆ ಇಳಿದ ಮೇಲೆ ತಾನಾಗಿ ಸರಿಯಾಗುತ್ತದೆ.