ನಿಮ್ಮೂರಿನ ಜನರ ಲೆಕ್ಕ ನೀವೇ ಓದಿ: ಹೀಗೆ ಶುರು ಮಾಡಿ

ಮೊಬೈಲ್‌ನಲ್ಲಿ ಊರಿನ ಹೆಸರು ಹಾಕಿದರೆ ಜನಸಂಖ್ಯೆ ತಟ್ಟನೆ ಬರುತ್ತದೆ. ಅದು 2011ರ ಲೆಕ್ಕ. 2021ರಲ್ಲಿ ಆಗಬೇಕಿದ್ದ ಜನಗಣತಿ ಕೊರೊನಾ ಕಾಲದಲ್ಲಿ ಮುಂದಕ್ಕೆ ಹೋಯಿತು, ಈಗ ನಿಗದಿಯಾಗಿರುವುದು 2027ಕ್ಕೆ. ಹಳೆಯದಾದರೂ ಊರೂರಿನ ಲೆಕ್ಕ ಇಷ್ಟು ವಿವರವಾಗಿ ಬೇರೆಲ್ಲೂ ಸಿಗುವುದು ಕಷ್ಟ. ಓದುವುದು ಗೊತ್ತಿರಬೇಕು ಅಷ್ಟೆ.

ಮೊದಲು ಮೂಲ ಪಟ್ಟಿ ಹಿಡಿಯಿರಿ. ಜನಗಣತಿ ಇಲಾಖೆಯ ವೆಬ್‌ಸೈಟ್‌ನಲ್ಲಿ ಪ್ರತಿ ಜಿಲ್ಲೆಯ ಜನಗಣತಿ ಕೈಪಿಡಿ ಇದೆ. ಎ ಭಾಗದಲ್ಲಿ ಶಾಲೆ, ಆಸ್ಪತ್ರೆ, ಬಸ್ಸಿನಂಥ ಸೌಕರ್ಯ. ಬಿ ಭಾಗದಲ್ಲಿ ಜನರ ಲೆಕ್ಕ. ಹೊಸಹಳ್ಳಿ, ರಾಮಪುರ ಅಂದರೆ ಹತ್ತಾರು ಸಿಗುತ್ತವೆ, ಆದ್ದರಿಂದ ತಾಲ್ಲೂಕು ನೋಡಿಕೊಂಡು ಊರಿನ ಆರು ಅಂಕಿಯ ಕೋಡ್ ಬರೆದಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಅಲ್ಲಿರುವುದು ಕಂದಾಯ ಗ್ರಾಮದ ಲೆಕ್ಕ. ಅದರ ಹಟ್ಟಿ, ತಾಂಡಾ, ಪಾಳ್ಯ ಎಲ್ಲವೂ ಒಟ್ಟಿಗೇ ಸೇರಿರುತ್ತವೆ. ಈಚಿನ ವರ್ಷಗಳಲ್ಲಿ ಎಷ್ಟೋ ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮ ಮಾಡಿದ್ದಾರೆ. 2011ರ ಪಟ್ಟಿಯಲ್ಲಿ ಅವನ್ನು ಬೇರೆಯಾಗಿ ಹುಡುಕಬೇಡಿ.

ಈಗ ಸಾಕ್ಷರತೆ. ತುಂಬಾ ಜನ ತಪ್ಪುವುದು ಇಲ್ಲೇ. ಏಳು ವರ್ಷ ತುಂಬದ ಮಕ್ಕಳನ್ನು ಈ ಲೆಕ್ಕದಿಂದ ಬಿಡಬೇಕು. ಒಂದು ಊರಲ್ಲಿ 1,200 ಜನ ಇದ್ದಾರೆ, ಅದರಲ್ಲಿ 150 ಪುಟ್ಟ ಮಕ್ಕಳು, ಓದುಬರಹ ಬಲ್ಲವರು 735 ಅಂದುಕೊಳ್ಳಿ. 1,200ರಿಂದ ಭಾಗಿಸಿದರೆ 61 ಚಿಲ್ಲರೆ ಬರುತ್ತದೆ, ಅದು ತಪ್ಪು. 150 ಕಳೆದು 1,050ರಿಂದ ಭಾಗಿಸಿ, ಶೇ 70. ರಾಜ್ಯದ್ದು ಆಗ ಶೇ 75.36 ಇತ್ತು, ಅದರ ಪಕ್ಕದಲ್ಲಿಟ್ಟು ನೋಡಿ. ಗಂಡಸರದ್ದು, ಹೆಂಗಸರದ್ದು ಬೇರೆ ಬೇರೆ ತೆಗೆದರೆ ಇನ್ನೂ ಒಳ್ಳೆಯದು.

ಸಾವಿರ ಗಂಡಸರಿಗೆ ಎಷ್ಟು ಹೆಂಗಸರು ಅನ್ನುವುದು ಲಿಂಗಾನುಪಾತ. ರಾಜ್ಯದಲ್ಲಿ 973 ಇತ್ತು. ಪುಟ್ಟ ಮಕ್ಕಳಲ್ಲಿ ಮಾತ್ರ 948. ಇದನ್ನು ಚಿಕ್ಕ ಊರಿಗೆ ಹಚ್ಚುವಾಗ ಆತುರ ಬೇಡ. 75 ಹುಡುಗರು, 70 ಹುಡುಗಿಯರು ಇದ್ದರೆ 933 ಆಗಿಬಿಡುತ್ತದೆ, ಬರೀ ಐದು ಮಕ್ಕಳ ವ್ಯತ್ಯಾಸಕ್ಕೆ! ಸುತ್ತಲಿನ ಹತ್ತಿಪ್ಪತ್ತು ಊರು ಕೂಡಿಸಿ ನೋಡಿ.

ನನಗೆ ಅತ್ಯಂತ ಮುಖ್ಯ ಅನಿಸುವುದು ಕೆಲಸದ ಕಲಂ. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಕಡಿಮೆ ದುಡಿದವರು ಅಲ್ಪಾವಧಿಯವರು. ಬೇಸಾಯಗಾರರು, ಕೂಲಿಯವರು ಅಂತ ಮತ್ತೆ ವಿಂಗಡಣೆ. ಸ್ವಂತ ಹೊಲದಲ್ಲಿ ಸಂಬಳವಿಲ್ಲದೆ ದುಡಿಯುವ ಹೆಂಗಸೂ ಕೆಲಸಗಾರ್ತಿಯೇ. ಆದರೆ ಎಣಿಕೆಯವರು ಬಾಗಿಲಿಗೆ ಬಂದಾಗ "ಅವಳೇನಿಲ್ಲ, ಮನೇಲೇ ಇರ್ತಾಳೆ" ಅಂದುಬಿಡುತ್ತೇವೆ, ಅಲ್ವಾ? ಕಳೆ ಕಿತ್ತವಳು, ನಾಟಿ ಮಾಡಿದವಳು ಪಟ್ಟಿಯಲ್ಲಿ ಕೆಲಸವಿಲ್ಲದವಳಾಗುತ್ತಾಳೆ. ಹೆಂಗಸರ ಅಂಕಿ ತೀರಾ ಕಡಿಮೆ ಕಂಡರೆ ನಂಬುವ ಮುಂಚೆ ಹೊಲದ ಕಡೆ ಒಮ್ಮೆ ಹೋಗಿ ಬನ್ನಿ.

ಬೀಗ ಹಾಕಿದ ಮನೆಗಳನ್ನೂ ನೆನಪಿಡಿ. 2011ರ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ಕಾಲ ಅದು. ಆ ದಿನಗಳಲ್ಲಿ ಪೂರ್ತಿ ಹೊರಗಿದ್ದವರು ಊರಿನ ಲೆಕ್ಕಕ್ಕೆ ಬರಲಿಲ್ಲ.

ಕೊನೆಗೆ ಅಂಗನವಾಡಿಗೆ ಹೋಗಿ. ಅಲ್ಲಿನ ಟೀಚರ್ ಹತ್ತಿರ ಮನೆಮನೆಯ ಸರ್ವೆ ಇರುತ್ತದೆ. ಹೆಸರುಗಳನ್ನು ಕೇಳಬೇಡಿ, ಏಳು ವರ್ಷ ತುಂಬದ ಮಕ್ಕಳು ಒಟ್ಟು ಎಷ್ಟು ಅಂತ ಮಾತ್ರ ಕೇಳಿ, 2011ರ ಅಂಕಿಯ ಪಕ್ಕ ಬರೆಯಿರಿ. ಎರಡೂ ಕಡೆ ಸೇರಿರುವ ಮನೆಗಳು ಅವೇ ತಾನೆ ಅಂತ ಅವರ ಹತ್ತಿರವೇ ಖಚಿತ ಮಾಡಿಕೊಳ್ಳಿ, ಯಾಕೆಂದರೆ ಒಂದು ಊರಲ್ಲಿ ಎರಡು ಮೂರು ಅಂಗನವಾಡಿಗಳಿರುವುದೂ ಉಂಟು.